ಹೊಸ್ತಿಲ ಬಿರುಕಿನ ಅರಿಶಿನ

ನಮ್ಮ ಅತ್ತೆ ದ್ರಾಕ್ಷಾಯಣಮ್ಮ ಯಾರನ್ನೂ ನಂಬುವ ಹೆಂಗಸಲ್ಲ. ಹಾಲಿನವನು ಎದುರಿಗೇ ಕರೆದುಕೊಟ್ಟರೂ ಬೆರಳದ್ದಿ ನೋಡುತ್ತಾರೆ. ನನ್ನನ್ನು ಹೆಣ್ಣು ನೋಡಲು ಬಂದ ದಿನ ಜಡೆ ಹಿಡಿದು ಎಳೆದಿದ್ದರು, ಚೌರಿಯೇನೋ ಅಂತ! ಮೊಸರಲ್ಲಿ ಕಲ್ಲು ಹುಡುಕುವವರನ್ನು ಕಂಡಿದ್ದೇನೆ. ಇವರು ಕಲ್ಲು ಸಿಗದಿದ್ದರೆ ಮೊಸರಿನ ಮೇಲೇ ಅನುಮಾನ ಪಡುತ್ತಾರೆ. ಇಂಥವರನ್ನು ಕಟ್ಟಿಕೊಂಡು ನಾನು ಚಳ್ಳಕೆರೆಯಲ್ಲಿ ಮನೆ ಕಟ್ಟಿಸಿದೆ.

ಮೇಲೆ ಆರ್‌ಸಿಸಿ, ಕೆಳಗೆ ರೆಡ್ ಆಕ್ಸೈಡ್ ನೆಲ, ನಡುವೆ ಹಳೆಯ ಮನೆಗಳ ಹಾಗೆ ಆಕಾಶ ಕಾಣುವ ತೊಟ್ಟಿ. ಇದು ನನ್ನ ಆಸೆ. ತೊಟ್ಟಿ ನೋಡಿ ಅತ್ತೆ, "ಕಳ್ಳ ಇಳಿಯಾಕೆ ದಾರಿ ಬಿಟ್ಟೀಯಲ್ಲೇ" ಎಂದರು. ಕಬ್ಬಿಣದ ಸರಳು ಹಾಕಿಸಿದೆ. ಸರಳುಗಳ ನಡುವೆ ಸಂದು ಜಾಸ್ತಿಯಾಯಿತಂತೆ. "ಬರೋ ಕಳ್ಳ ಹಲ್ಲಿನಾ ಅತ್ತೆ?" ಎಂದೆ. ಎರಡು ದಿನ ಮಾತು ಬಿಟ್ಟರು.

ಕೊನೆಗೆ ಉಳಿದದ್ದು ತಲೆಬಾಗಿಲು. ಹಳೆಯ ಮನೆಗಳ ಮರಮುಟ್ಟು ಮಾರುವ ಪೀರ್ ಸಾಬ್, ಹತ್ತಿರದ ನನ್ನಿವಾಳ ಹಳ್ಳಿಯಿಂದ ಹೊಸ್ತಿಲು, ಚೌಕಟ್ಟು ಸಮೇತ ಒಂದು ತೇಗದ ಬಾಗಿಲು ತಂದಿಳಿಸಿದರು. ಗಿಳಿ ಕೆತ್ತನೆ, ಹಿತ್ತಾಳೆ ಹೂ. ನೋಡಿ ನನಗೆ ಹುಚ್ಚೇ ಹಿಡಿಯಿತು. ದೊಡ್ಡಪಾಲಯ್ಯ ಎಂಬುವವರು ಮಾರಿದ್ದಂತೆ, ಆ ಮನೆಯಲ್ಲಿ ವರ್ಷಗಳಿಂದ ಯಾರೂ ಇಲ್ಲವಂತೆ. ಸೋಮವಾರ ಗೃಹಪ್ರವೇಶ, ಕಾರ್ಡು ಹಂಚಿ ಆಗಿತ್ತು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಮುಂದೆ ಕೂತರು. ಬಿರುಕಿನಲ್ಲಿ ಉಗುರು ಆಡಿಸಿ ಮೂಸಿದರು.

"ಪೀರ್ ಸಾಬ್ರೇ, ಖಾಲಿ ಮನೆ ಹೊಸ್ತಿಲಿಗೆ ದೆವ್ವ ಬಂದು ಅರಿಶಿನ ಹಚ್ತೇನ್ರಿ? ಇನ್ನೂ ಘಮ ಅಂತೈತೆ!"

ಪೀರ್ ಸಾಬ್ ಮುಖ ಇಂಗು ತಿಂದಂತಾಯಿತು. "ಖುದಾ ಕಸಮ್ ಅಮ್ಮಾ, ಆವಯ್ಯ ಹೇಳಿದ್ದೇ ನಾನು ಹೇಳಿದ್ದು. ನಾನು ಹೋಗೋ ಹೊತ್ತಿಗೆ ಕಿತ್ತು ರಸ್ತೆ ಬದಿಗೆ ಇಟ್ಟಿದ್ರು."

ನನಗೆ ಮೈಯೆಲ್ಲ ಉರಿಯಿತು. ನನ್ನ ಸಂತೋಷ ಕೆಡಿಸುವುದಕ್ಕೇ ಈ ನಾಟಕ ಎಂದುಕೊಂಡೆ. "ಬನ್ನಿ ಅತ್ತೆ, ಹೋಗೇ ನೋಡೋಣ. ಸುಳ್ಳಾದ್ರೆ ಮತ್ತೆ ಬಾಗಿಲ ಮಾತು ಎತ್ತಬಾರದು" ಎಂದು ಕಾರು ತೆಗೆದೆ.

ನನ್ನಿವಾಳದಲ್ಲಿ ಮನೆ ಹುಡುಕುವ ಕಷ್ಟವೇ ಬೀಳಲಿಲ್ಲ. ಬಾಗಿಲಿದ್ದ ಕಡೆ ಗೋಡೆ ಒಡೆದಿತ್ತು, ಅಡ್ಡಕ್ಕೆ ಗೋಣಿಚೀಲ ಕಟ್ಟಿದ್ದರು. ಹೊಸ್ತಿಲು ಕಿತ್ತ ಗುಂಡಿಯ ಮುಂದೆ ಅವತ್ತಿನ ರಂಗೋಲಿ. ಗೋಣಿ ಸರಿಸಿ ಒಬ್ಬ ಹೆಂಗಸು ಇಣುಕಿದಳು, ಕೈಯಲ್ಲಿ ಕುಡುಗೋಲು.

"ನನ್ ತಮ್ಮ ದೊಡ್ಡಪಾಲಯ್ಯ ಕಳ್ಸಿದ್ನಾ? ನಾನು ಜಟಿಂಗ ರಾಮೇಶ್ವರಕ್ಕೆ ಹೋಗಿ ಬರೋದ್ರಾಗೆ ಬಾಗ್ಲು ಕಿತ್ಕಂಡ. ಬಾಗ್ಲಿಲ್ದಿದ್ರೆ ಮನೆ ಬಿಟ್ಟು ಹೋಗ್ತಾಳೆ ಅಂತ. ನೀವೇನು ಕೀಳಾಕೆ ಬಂದ್ರಿ, ಕಂಬನಾ?"

ನಾಚಿಕೆಯಾಯಿತು. ಆದರೂ ಹಾಳು ಮನಸ್ಸು ಆ ಗಿಳಿಗಳನ್ನು ಬಿಡಲೊಲ್ಲದು. "ಅತ್ತೆ, ಗೃಹಪ್ರವೇಶ ಮುಗಿಸ್ಕೊಂಡು ವಾಪಸ್ ಕೊಟ್ರೆ ಆಗಲ್ವಾ?" ಎಂದು ಮೆಲ್ಲಗೆ ಕೇಳಿದೆ.

ಅತ್ತೆ ಚಪ್ಪಲಿ ಬಿಟ್ಟು, ಗೋಣಿಚೀಲದ ಮುಂದೆ ರಸ್ತೆಗೆ ಮುಖ ಮಾಡಿ ಕೂತುಬಿಟ್ಟರು.

"ನೀನು ಹೋಗಿ ಗಾಡಿಗೆ ಹಾಕ್ಸಿ ಕಳ್ಸು. ಬಾಗ್ಲು ಬರಗಂಟ ನಾನಿಲ್ಲೇ ಕುಂತಿರ್ತೀನಿ."

"ಕಳಿಸ್ತೀನಿ ಅತ್ತೆ, ನೀವು ಮನೆಗೆ ಬನ್ನಿ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ ಕಣವ್ವ" ಎಂದರು.