ಅಕ್ಕನ ರೇಡಿಯೊದ ಖಣಖಣ

ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಔರಾದ ಕಡೆಗೆ ಹೋದ ಭಾವ ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲವೆಂದು ಅಕ್ಕ ಕುಂಕುಮ ಅಳಿಸಲಿಲ್ಲ. ಭಾಲ್ಕಿಯ ಮನೆಯಲ್ಲಿ ಉಳಿದದ್ದು ಅವಳು ಮತ್ತು ಭಾವನ ಬ್ಯಾಟರಿ ರೇಡಿಯೊ.

ಒಂದು ದಿನ ಆ ರೇಡಿಯೊವನ್ನು ಬೀದರಿನ ನನ್ನ ರಿಪೇರಿ ಅಂಗಡಿಗೆ ತಂದಳು.

"ಹಾಡಿನ ನಡುವ ಖಣಖಣ ಅಂತದ. ಕೇಳ್ಲಾಕ ಆಗ್ವಲ್ದು."

ಒಳಗಿನ ಗಾಜಿನ ವಾಲ್ವುಗಳನ್ನು ಕಡ್ಡಿಯಿಂದ ಒಂದೊಂದಾಗಿ ತಟ್ಟಿದೆ; ಕೆಟ್ಟದ್ದಿದ್ದರೆ ತಟ್ಟಿದಾಗ ಸದ್ದು ಮಾಡುತ್ತದೆ. ಯಾವುದೂ ಮಾಡಲಿಲ್ಲ. ಸ್ಪೀಕರಿನ ತಿರುಪು ಬಿಗಿ ಮಾಡಿದೆ. ನನ್ನ ಅಂಗಡಿಯಲ್ಲಿ ಅದು ಚೊಕ್ಕಾಗಿ ಹಾಡಿತು.

"ಮೊದ್ಲ ನಿನ್ನ ಕಿವಿ ರಿಪೇರಿ ಮಾಡಿಸ್ಕೋ" ಎಂದು ರೇಗಿದೆ. ಆದರೂ ರೇಡಿಯೊ ಹೊತ್ತುಕೊಂಡು ಅವಳ ಜೊತೆ ಭಾಲ್ಕಿಗೆ ಹೋದೆ.

ಬಾಗಿಲ ಚೌಕಟ್ಟಿಗೆ ಹೊಡೆದಿದ್ದ ಹಲಗೆಯೇ ಅದರ ಜಾಗ. ಅಲ್ಲಿಟ್ಟು ಹಚ್ಚಿದೆ. ತಬಲಾದ ದಪ್ಪ ಪೆಟ್ಟು ಬಿದ್ದದ್ದೇ ತಡ, ಖಣಖಣ ಅಂದಿತು. ಅಕ್ಕ ಥಟ್ಟನೆ ಎದ್ದು ಬಾಗಿಲು ತೆರೆದಳು. ಹೊರಗೆ ಯಾರೂ ಇರಲಿಲ್ಲ. ಬಂದವರು ಹಿಡಿದು ಬಡಿಯುವ ಚಿಲಕದ ಸರಪಳಿ ಹಲಗೆಯ ಅದುರಿಗೆ ನಡುಗುತ್ತಿತ್ತು.

ದೋಷ ರೇಡಿಯೊದ್ದಲ್ಲ. ಸರಪಳಿಗೆ ಹಳೆಯ ಸೀರೆಯ ತುಂಡು ಸುತ್ತಿದೆ. ಸದ್ದು ನಿಂತಿತು.

ಮುಂದಿನ ಅಮಾವಾಸ್ಯೆಗೆ ಮತ್ತೆ ಹೋದಾಗ ಮನೆಯೊಳಗೆ ಹಾಡು ಇರಲಿಲ್ಲ. ಸರಪಳಿಯ ಮೇಲೆ ಬಟ್ಟೆಯೂ ಇರಲಿಲ್ಲ. ಕಿಟಕಿಯಲ್ಲಿ ಇಣುಕಿದೆ. ಅದೇ ಸೀರೆಯ ತುಂಡನ್ನು ರೇಡಿಯೊಗೆ ಸುತ್ತಿ ಮೂಲೆಯಲ್ಲಿಟ್ಟಿದ್ದಳು.

ಚಿಲಕ ಬಡಿದೆ. ಒಳಗಿಂದ ಓಡಿ ಬರುವ ಹೆಜ್ಜೆ ಕೇಳಿಸಿತು. ಬಾಗಿಲು ತೆರೆದ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಮುಖ ನೋಡಿದಳು.

"ಓ, ನೀ ಏನು" ಎಂದಳು.