ಆನೆ ಹೋದ ಮೇಲೆ ತೆಗೆದ ಚಿತ್ರ

ಚಿನ್ನದ ಗಣಿಯ ಸೀಮೆಯಲ್ಲಿ ಪತ್ರಿಕಾ ಛಾಯಾಗ್ರಾಹಕರೆಂದರೆ ಮೊದಲು ನೆನಪಾಗುವವರು ಶ್ರೀ ಕಾಂತರಾಜ್. ಉರಿಗಾಂನಲ್ಲಿ ಹುಟ್ಟಿ, ಗಣಿಗಳು ಮುಚ್ಚಿದ ದಿನಗಳಿಂದ ಇಂದಿನವರೆಗೆ ಇಲ್ಲಿನವರ ಮುಖಗಳನ್ನು ನಮ್ಮ ಜಿಲ್ಲಾ ಪತ್ರಿಕೆಗೆ ಒದಗಿಸಿದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಇಲ್ಲಿನ ಮೈಸೂರು ಮೈನ್ಸ್ ಗಣಿಯ ಸಾಲುಮನೆಯೊಂದರ ಮುಂದೆ ಬನಿಯನ್ನಿನಲ್ಲಿ ಕುಳಿತಿದ್ದ ಹಿರಿಯ ಕಾರ್ಮಿಕರೊಬ್ಬರು ಒಳಗೆ ಹೋಗಿ, ಅಂಗಿ ತೊಟ್ಟು, ತಲೆ ಬಾಚಿಕೊಂಡು ಬರುವವರೆಗೂ ಇವರು ಬಿಸಿಲಲ್ಲಿ ಕಾದು ನಿಂತಿದ್ದನ್ನು ನಾನು ಕಂಡಿದ್ದೇನೆ. ನಮ್ಮ ಬಂಗಾರಪೇಟೆ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳನ್ನು ಇವರ ಕೈಗೆ ಒಪ್ಪಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಹಾಗೆ ಒಪ್ಪಿಸಿದವರಲ್ಲಿ ನನ್ನ ವಿದ್ಯಾರ್ಥಿನಿ ಕವಿತಳೂ ಒಬ್ಬಳು. ಅವಳ ತರಬೇತಿ ಮುಗಿಯುತ್ತ ಬಂದಿತ್ತು. ಮುಖಪುಟಕ್ಕೆ ಒಂದು ಚಿತ್ರ ಬಂದರೆ ಕೆಲಸ ಖಾಯಂ ಎಂದು ಸಂಪಾದಕರು ಹೇಳಿದ್ದರು. ಆ ವಾರವೇ ಕಾಮಸಮುದ್ರದ ಬಳಿ ತಾಯಮ್ಮ ಎಂಬುವರ ಟೊಮೆಟೊ ತೋಟವನ್ನು ಆನೆಗಳು ತುಳಿದವು. ಕಾಂತರಾಜ್ ಮತ್ತು ಕವಿತಳೊಂದಿಗೆ ನಾನೂ ಹೋಗಿದ್ದೆ. ನಾವು ತಲುಪುವಷ್ಟರಲ್ಲಿ ಆನೆಗಳು ಕಾಡು ಸೇರಿದ್ದವು. ತಾಯಮ್ಮ ಅತ್ತು ಮುಗಿಸಿ, ಮುರಿದ ಆಸರೆಕೋಲುಗಳನ್ನು ಆರಿಸುತ್ತಿದ್ದರು. ಕಾಂತರಾಜ್ ದೂರದಲ್ಲಿ ಅರಣ್ಯ ಸಿಬ್ಬಂದಿಯೊಡನೆ ಮಾತಾಡುತ್ತಿದ್ದಾಗ, ಇನ್ನೊಮ್ಮೆ ಅಳಬೇಕೆಂದು ಕವಿತ ತಾಯಮ್ಮನವರನ್ನು ಬೇಡಿಕೊಂಡಳು.

"ಬೆಳಗ್ಗೆಯಿಂದ ಅತ್ತು ಗಂಟ್ಲು ಒಣ್ಗೋಗದೆ ಕಣಮ್ಮ. ಊಂ, ನಿನ್ಗೋಸ್ಕರ ಒಂದ್ಸಲ ಅಳ್ತೀನಿ, ಬೇಗ ಪೋಟೋ ಒಡ್ಕೋ" ಎಂದು ತಾಯಮ್ಮ ಸೆರಗನ್ನು ಬಾಯಿಗಿಟ್ಟರು.

"ಜೋರಾಗಿ ಅಳಕ್ಕಾ, ಆನೆ ಕಿವಿಗೂ ಬೀಳ್ಲಿ" ಎಂದು ಪಕ್ಕದ ಹೊಲದ ಚಿಕ್ಕವೆಂಕಟಮ್ಮ ಛೇಡಿಸಿದರು. ಇಬ್ಬರೂ ನಕ್ಕುಬಿಟ್ಟರು. ಅಷ್ಟರಲ್ಲಿ ಕವಿತ ಆ ಅಳುವ ಚಿತ್ರ ತೆಗೆದು, ಅಲ್ಲಿಂದಲೇ ಕಚೇರಿಗೆ ಕಳಿಸಿಯೂ ಆಗಿತ್ತು. ಮುಖಪುಟಕ್ಕೆ ಇದೇ ಇರಲಿ ಎಂದು ಸಂಪಾದಕರ ಫೋನ್ ಬಂತು.

ಸಂಗತಿ ತಿಳಿದ ಕಾಂತರಾಜ್ ಫೋನ್ ತೆಗೆದುಕೊಂಡರು. "ಅದು ಬೇಡ ಸಾರ್. ಅಳು ನಾವು ಕೇಳಿ ಅಳಿಸಿದ್ದು. ತಪ್ಪು ನಂದೇ, ಮೊದ್ಲೇ ಹೇಳ್ಕೊಡ್ಬೇಕಿತ್ತು."

ಕವಿತಳ ಮುಖ ಬಾಡಿತು. ಅವಳನ್ನು ಅವರು ಬಯ್ಯಲಿಲ್ಲ. ಬದುವಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. "ನಮ್ಗೆ ತಡ ಆಯ್ತು ಅಂತ ಅವ್ರು ಮತ್ತೆ ಅಳ್ಬೇಕಾ ಮಗಾ? ನಾವು ಬಂದಾಗ ಏನು ನಡೀತಿದ್ಯೋ ಅದೇ ಸುದ್ದಿ. ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡು. ಹೆಸ್ರು ಕೇಳಿ ಸರಿಯಾಗಿ ಬರ್ಕೋ. ತೆಗೆದ್ಮೇಲೆ ಮೊದ್ಲು ಅವ್ರಿಗೇ ತೋರ್ಸು."

ಅವಳು ನೋಡುತ್ತ ಕುಳಿತಳು. ಚಿಕ್ಕವೆಂಕಟಮ್ಮ ಕೋಲು ಹಿಡಿದರೆ ತಾಯಮ್ಮ ಉಳಿದ ಗಿಡಗಳನ್ನು ಎತ್ತಿ ಕಟ್ಟುತ್ತಿದ್ದರು. ನಡುನಡುವೆ ಆನೆಗಳಿಗೆ ಶಾಪ, ನಗು. ಕವಿತ ಆ ಚಿತ್ರವನ್ನು ತೆಗೆದು ತೋರಿಸಿದಾಗ ತಾಯಮ್ಮ, "ಇದ್ರಾಗೆ ನಾನೇ ಇದ್ದೀನಿ ನೋಡು" ಎಂದರು.

ಅದು ಒಳಪುಟದ ಮೂಲೆಯಲ್ಲಿ ಅಚ್ಚಾಯಿತು. ಕವಿತಳ ಕೆಲಸ ಖಾಯಂ ಆಗಲಿಲ್ಲ. ಕಾಂತರಾಜ್ ಸಂಪಾದಕರನ್ನು ಕಂಡು ತರಬೇತಿಯನ್ನಷ್ಟೇ ಮುಂದುವರಿಸಲು ಒಪ್ಪಿಸಿದರು. ಮಳೆಗಾಲದಲ್ಲಿ ಒಮ್ಮೆ ಅವಳು ಸುದ್ದಿಯೊಂದಕ್ಕೆ ಹೋಗಿ ಬರಿಗೈಯಲ್ಲಿ ಕಚೇರಿಗೆ ಬಂದು, ಕಾಂತರಾಜ್ ಅವರಿಗೆ "ನಾನು ಹೋಗೋಷ್ಟರಲ್ಲಿ ಎಲ್ಲ ಮುಗಿದು ಜನ ಹೊರಟುಹೋಗಿದ್ರು ಸಾರ್, ವಾಪಸ್ ಕರೆದು ನಿಲ್ಲಿಸ್ಲಿಲ್ಲ. ಚಿತ್ರ ಇಲ್ಲ" ಎಂದಳು. ಅವಳನ್ನು ಖಾಯಂ ಮಾಡಿಕೊಳ್ಳಿ ಎಂದು ಅವರು ಸಂಪಾದಕರಿಗೆ ಶಿಫಾರಸು ಮಾಡಿದ್ದು ಆ ದಿನವೇ.

ಇನ್ನು ಅವರ ಜಾಗದಲ್ಲಿ ಕವಿತ ಕೆಲಸ ಮಾಡುತ್ತಾಳೆ. ಶನಿವಾರಗಳಂದು ನಮ್ಮ ಕಾಲೇಜಿಗೆ ಬಂದು ಪಾಠ ಹೇಳಲು ಕಾಂತರಾಜ್ ಒಪ್ಪಿದ್ದಾರೆ. ಅವರ ಕಣ್ಣೂ ಕಾಲೂ ಗಟ್ಟಿಯಾಗಿರಲಿ, ಆಯಸ್ಸು ಬೆಳೆಯಲಿ. ಬರಿಗೈಯಲ್ಲಿ ಹಿಂದಿರುಗುವ ಧೈರ್ಯವನ್ನು ಇನ್ನೂ ಅನೇಕ ಮಕ್ಕಳು ಅವರಿಂದ ಕಲಿಯಲಿ.