ಗಿಡ್ಡಿಯ ಮಾತು ಕಲಿಯಲು ಹೊರಟ ಗಂಟಲಕ್ಕ

ಗಂಟಲಕ್ಕನಿಗೆ ಆ ಹೆಸರು ಬಂದದ್ದು ಮುಷ್ಕರದಲ್ಲಿ. ಆಸ್ಪತ್ರೆಯ ಲಾಂಡ್ರಿಯವರೆಲ್ಲ ಗೇಟಿನ ಮುಂದೆ ಕೂತ ದಿನ ಮೈಕು ಕೈಕೊಟ್ಟಿತು. ಇವಳು ಎದ್ದು ನಿಂತು ಒಂದು ಘೋಷಣೆ ಕೂಗಿದಳು ನೋಡಿ, ಮೇಲಿನ ಮಹಡಿಯ ರೋಗಿಗಳೆಲ್ಲ ಕಿಟಕಿಗೆ ಬಂದರು. ಅಪ್ಪ ಅಮ್ಮ ಇಟ್ಟ ಹೆಸರು ಅಂದಿನಿಂದ ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು.

ಅಂಥವಳು ಒಂದು ಭಾನುವಾರ ಮೊಬೈಲಿನ ಮುಂದೆ ಬಾಯಿ ಕಟ್ಟಿ ಕೂತುಬಿಟ್ಟಳು.

ಮೊಬೈಲಿನ ಆ ಕಡೆ ಇದ್ದವಳು ಗಿಡ್ಡಿ. ಫಿಲಿಪ್ಪೀನ್ಸ್ ದ್ವೀಪಗಳಿಂದ ಕೂಲಿಗೆಂದು ಬಂದು, ತಲೆ ಬೆಳ್ಳಗಾಗುವವರೆಗೆ ಗಂಟಲಕ್ಕನ ಎದುರು ನಿಂತು ಬೆಡ್‌ಶೀಟು ಮಡಚಿದವಳು. ಬೆಡ್‌ಶೀಟು ಮಡಚುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಇಬ್ಬರೂ ಎರಡೆರಡು ಮೂಲೆ ಹಿಡಿಯಬೇಕು, ಕೊಡವಬೇಕು, ಎಳೆಯಬೇಕು, ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ದಿನವಿಡೀ ಹೀಗೆ ಹತ್ತಿರ ಬಂದು ದೂರ ಹೋಗುವವರ ನಡುವೆ ಮಾತು ಬೇಡವೆಂದರೂ ಹುಟ್ಟುತ್ತದೆ. ಗಿಡ್ಡಿ ನಮ್ಮ ಮಾತನ್ನು ಬೈಗುಳದಿಂದ ಶುರುಮಾಡಿ ಕಲಿತಳು. ಗಂಡು ಹೆಣ್ಣು ಭೇದವಿಲ್ಲದೆ ಎಲ್ಲರಿಗೂ ‘ಬಂತು, ಹೋಯ್ತು’ ಅನ್ನುತ್ತಿದ್ದಳು. “ಅಕ್ಕ, ಮೇಸ್ತ್ರಿ ಬಂತು. ಮೂತಿ ನೋಡು, ಹರಳೆಣ್ಣೆ ಕುಡಿದು ಬಂತು.” ಮೇಸ್ತ್ರಿಯ ವಿಷಯದಲ್ಲಿ ಆ ವ್ಯಾಕರಣವೇ ಸರಿ ಎಂದು ಯಾರೂ ತಿದ್ದಲಿಲ್ಲ.

ಗಿಡ್ಡಿಯ ಮಾತನ್ನು ಗಂಟಲಕ್ಕ ಕಲಿಯಲಿಲ್ಲ. ಕಲಿಯಬೇಕು ಅಂತ ಹೊಳೆಯಲೂ ಇಲ್ಲ. ಬಂದವರು ಕಲಿಯಬೇಕು, ಇದ್ದವರು ಕೇಳಿಸಿಕೊಳ್ಳಬೇಕು, ಇದು ಎಲ್ಲ ಊರಿನ ಕಾನೂನು.

ಕೆಲಸದ ಕರಾರು ಮುಗಿದ ಮೇಲೆ ಗಿಡ್ಡಿ ಊರಿಗೆ ಹೋದಳು. ಅವಳ ಜಾಗಕ್ಕೆ ಮಡಚುವ ಯಂತ್ರ ಬಂತು. ಯಂತ್ರ ಚೆನ್ನಾಗಿಯೇ ಮಡಚುತ್ತದೆ, ಆದರೆ ಅದರ ಮುಂದೆ ಚಾಡಿ ಹೇಳಲು ಬರುವುದಿಲ್ಲ. ಹಾಗಾಗಿ ವಾರವಿಡೀ ಕೂಡಿಟ್ಟ ಚಾಡಿಯನ್ನೆಲ್ಲ ಗಂಟಲಕ್ಕ ಭಾನುವಾರ ಫೋನಿನಲ್ಲಿ ಖಾಲಿ ಮಾಡುತ್ತಿದ್ದಳು. ಗಿಡ್ಡಿ ಆ ಕಡೆಯಿಂದ ಉಪ್ಪು ಖಾರ ಹಾಕುತ್ತಿದ್ದಳು.

ಆಮೇಲೆ ಗಿಡ್ಡಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಕೆಲವು ತಿಂಗಳಿಗೆ ಮಾತು ವಾಪಸು ಬಂದರೂ ಬಂದದ್ದು ಹುಟ್ಟು ಮಾತು ತಗಾಲೋಗ್ ಒಂದೇ. ನಮ್ಮ ಮಾತು ಒಗೆದ ಬಟ್ಟೆಯ ಬಣ್ಣದ ಹಾಗೆ ತೊಳೆದುಹೋಗಿತ್ತು. ಕೆಲವರಿಗೆ ಹೀಗಾಗುತ್ತದಂತೆ, ಡಾಕ್ಟರು ಹೇಳಿದರೆಂದು ಗಿಡ್ಡಿಯ ಮಗಳು ಮೊಬೈಲಿನಲ್ಲೇ ಅನುವಾದ ಮಾಡಿಸಿ ಬರೆದು ಕಳಿಸಿದಳು. ಅದಾದ ಮೊದಲ ಭಾನುವಾರವೇ ಗಂಟಲಕ್ಕ ಬಾಯಿ ಕಟ್ಟಿ ಕೂತದ್ದು. ಗಿಡ್ಡಿ ಅರ್ಧ ಮೂತಿಯಲ್ಲಿ ಏನೋ ಕೇಳಿದಳು, ಕಾದಳು, ಮತ್ತೆ ಕೇಳಿದಳು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಆ ಸಂಜೆ ಗಂಟಲಕ್ಕ ಗಂಡನಿಗೆ ಹೇಳಿದಳು, “ನಾನು ಅವಳ ಮಾತು ಕಲೀತೀನಿ.”

ಲಿಫ್ಟ್ ನಡೆಸಿ ನಿವೃತ್ತನಾದ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. “ಸ್ಕೂಲಲ್ಲಿ ಮಗ್ಗಿ ಬರ್ದೆ ಓಡಿಬಂದೋಳು ನೀನು. ಗಿಡ್ಡಿ ಮಗಳಿಗೆ ಬರ್ದುಕೊಟ್ಟ ಮೊಬೈಲು ನಿನಗೂ ಅನುವಾದ ಮಾಡಲ್ವಾ?”

“ಅವಳ ತೊದಲು ಅದಕ್ಕೆ ತಿಳಿಯಲ್ಲ. ತಿಳಿದರೂ ಬೇಡ. ಮೊಬೈಲು ಅವಳ ಎದುರು ನಿಂತು ಬೆಡ್‌ಶೀಟು ಮಡಚಿತ್ತಾ?”

ಗಂಡ ಪೇಪರು ಮಡಚಿಟ್ಟ. “ಸರಿ ಕಣೇ. ಮನೇಲಿ ಮಾತ್ರ ಅದರಲ್ಲಿ ಬೈಬೇಡ, ನನಗೆ ಎದುರುತ್ತರ ಬರಲ್ಲ.”

ಮೂರನೇ ವಾರ್ಡಿನಲ್ಲಿ ಅದೇ ದ್ವೀಪಗಳ ಕಡೆಯ ನರ್ಸೊಬ್ಬಳಿದ್ದಳು. ಚಿಕ್ಕ ವಯಸ್ಸು, ಇಸ್ತ್ರಿ ಹಾಕಿದಂಥ ಮಾತು. ಕೊಳೆ ಬಟ್ಟೆಯ ಗಾಡಿಗಳು ನಿಲ್ಲುವ ನೆಲಮಾಳಿಗೆಯಲ್ಲಿ, ಟೀ ಬಿಡುವಿನಲ್ಲಿ, ಪಾಠ ಶುರುವಾಯಿತು.

“ಅಮ್ಮಾ, ಮೊದಲು ಶುಭೋದಯ ಕಲಿಯಿರಿ. ಮಗಂದಾಂಗ್ ಉಮಾಗಾ ಪೊ.”

“ನಾನೂ ಅವಳೂ ಜನ್ಮದಲ್ಲಿ ಒಂದು ಸಲಾನೂ ಶುಭೋದಯ ಹೇಳಿಕೊಂಡಿಲ್ಲ ತಾಯಿ. ಅದು ಸಾಹೇಬರಿಗಿರಲಿ. ‘ಉಂಡೆಯಾ’ ಅನ್ನೋದು ಹೇಳಿಕೊಡು.”

“ಕುಮಾಇನ್ ಕ ನ ಬಾ.”

“ಇದರಲ್ಲಿ ಉಣ್ಣೋದೆಲ್ಲಿದೆ?”

“ಮೊದಲ ಪದವೇ ಅಮ್ಮಾ. ನಮ್ಮಲ್ಲಿ ಮಾಡುವ ಕೆಲಸ ಮೊದಲು ಬರುತ್ತದೆ. ಮಾಡುವವರು ಆಮೇಲೆ.”

“ಕೆಲಸ ಮೊದಲು, ಆಳು ಆಮೇಲೆ. ಇದು ಯಾವನೋ ಮೇಸ್ತ್ರಿ ಮಾಡಿದ ಭಾಷೆ ಇರಬೇಕು.”

‘ಇಲ್ಲ’ ಅನ್ನುವುದಕ್ಕೆ ‘ಹಿಂದಿ’ ಅನ್ನುತ್ತಾರೆಂದು ತಿಳಿದಾಗ ಗಂಟಲಕ್ಕ ಗಾಡಿ ಹಿಡಿದುಕೊಂಡು ನಕ್ಕಳು. ಆ ಪದ ಅವಳಿಗೆ ಒಂದೇ ಸಲಕ್ಕೆ ಬಾಯಿಪಾಠವಾಯಿತು. ಮಿಕ್ಕದ್ದೆಲ್ಲ ಕಲ್ಲಿನ ಮೇಲೆ ನೀರು. ಒಗೆಯುವ ಯಂತ್ರದ ಗದ್ದಲದಲ್ಲಿ ಅವಳು ಒಬ್ಬಳೇ ಗೊಣಗುವುದನ್ನು ನೋಡಿ, ಅಕ್ಕನಿಗೆ ಗಾಳಿ ಹಿಡಿದಿದೆ ಎಂದು ಜೊತೆಯವರು ಮಾತಾಡಿಕೊಂಡರು.

ಎಣಿಕೆಯ ಪಾಠದ ದಿನ ಮಾತ್ರ ಬೇರೆಯೇ ಆಯಿತು. ನರ್ಸಮ್ಮ “ಇಸಾ, ದಲವಾ” ಅಂದಳಷ್ಟೇ. “ತತ್ಲೊ, ಆಪತ್, ಲಿಮಾ, ಆನಿಮ್” ಅಂತ ಮಿಕ್ಕದ್ದು ಗಂಟಲಕ್ಕನ ಬಾಯಿಂದ ತಾನಾಗಿ ಉರುಳಿತು. ನರ್ಸಮ್ಮನಿಗಿಂತ ಅವಳೇ ಹೆಚ್ಚು ಬೆಚ್ಚಿದಳು. ಕೊಡವುವುದು ಇಸಾ, ಎಳೆಯುವುದು ದಲವಾ. ಬೆಡ್‌ಶೀಟು ಅಟ್ಟಿಗೆ ಸೇರುವ ಹೊತ್ತಿಗೆ ಆನಿಮ್. ಗಿಡ್ಡಿ ಮಡಚುವಾಗಲೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದದ್ದು ಇದೇ. ಗಂಟಲಕ್ಕ ಅದನ್ನು ಏನೋ ದೇವರ ಹೆಸರು ಅಂದುಕೊಂಡಿದ್ದಳು.

“ಮುಂದೆ ಹೇಳಿ ಅಮ್ಮಾ, ಆರಾದ ಮೇಲೆ?”

ಮುಂದೆ ಬರಲಿಲ್ಲ. ಏಳನೆಯದು ಅವರ ಕೆಲಸಕ್ಕೆ ಬೇಕಾಗಿರಲೇ ಇಲ್ಲ. ಗಂಟಲಕ್ಕ ಆ ದಿನ ಪಾಠ ಸಾಕೆಂದು ಎದ್ದು ಹೋದಳು. ಮಡಚುವ ಯಂತ್ರದ ಮುಂದೆ ಸುಮ್ಮನೆ ಕೈಕಟ್ಟಿ ನಿಂತಿದ್ದಳೆಂದು ಮೇಸ್ತ್ರಿ ಬೈದ.

ಮರುದಿನ ಬಂದವಳೇ ಅಂದಳು, “‘ಆ ಪೀಡೆ ಇನ್ನೂ ಬದುಕಿದೆ’ ಅನ್ನೋದು ಹೇಳಿಕೊಡು.”

“ಯಾರ ಬಗ್ಗೆ?”

“ಮೇಸ್ತ್ರಿ ಬಗ್ಗೆ. ಅವಳು ಮೊದಲು ಕೇಳೋದೇ ಅದು.”

ನರ್ಸಮ್ಮ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿಕೊಟ್ಟಳು.

ಮುಂದಿನ ಭಾನುವಾರ ಮೊಬೈಲಿನಲ್ಲಿ ಗಿಡ್ಡಿಯ ಮುಖ ಬಂತು. ಮಗಳು ದಿಂಬು ಸರಿಮಾಡಿ ಆಚೆ ಹೋದಳು. ಗಂಟಲಕ್ಕ ಕಲಿತದ್ದನ್ನು ಒಮ್ಮೆ ಒಳಗೇ ಹೇಳಿಕೊಂಡಳು. ಮುಷ್ಕರದಲ್ಲಿ ಗೇಟಿನ ಮುಂದೆ ಪೊಲೀಸರು ನಿಂತಾಗಲೂ ಹಾಗೆ ಅಭ್ಯಾಸ ಮಾಡಿದವಳಲ್ಲ.

“ಬುಹಾಯ್ ಪಾ ಆಂಗ್ ದೆಮೋನ್ಯೊ,” ಅಂದಳು.

ಗಿಡ್ಡಿ ಕಣ್ಣು ಕಿರಿದು ಮಾಡಿದಳು. ಆಮೇಲೆ ಅರ್ಧ ಮುಖ ನಕ್ಕಿತು, ಇನ್ನರ್ಧ ಅಲುಗದೆ ನೋಡುತ್ತಿತ್ತು. ಮರುಕ್ಷಣ ಕಟ್ಟೆ ಒಡೆಯಿತು. ತಿಂಗಳುಗಟ್ಟಲೆ ಒಳಗೇ ಕೂಡಿಟ್ಟಿದ್ದದ್ದೆಲ್ಲ, ಬೈಗುಳವೋ ದುಃಖವೋ ಚಾಡಿಯೋ, ಒಂದರ ಮೇಲೊಂದು ಬಿದ್ದು ಹರಿಯಿತು. ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ಮಧ್ಯದಲ್ಲಿ ಒಮ್ಮೆ ಅತ್ತಳು, ಮೂಗು ಒರೆಸಿಕೊಂಡು ಮತ್ತೆ ಮಾತಾಡಿದಳು. ಗಂಟಲಕ್ಕ ಕಲಿತದ್ದು ತಾನು ಆಡುವ ಮಾತು. ಉತ್ತರ ಬಂದರೆ ಏನು ಮಾಡಬೇಕೆಂದು ಪಾಠದಲ್ಲಿರಲಿಲ್ಲ. ಅಷ್ಟು ನೀರಿನಲ್ಲಿ ಅವಳ ಬೊಗಸೆಗೆ ಸಿಕ್ಕದ್ದು ಎರಡೋ ಮೂರೋ ಹನಿ. ತಡೆಯಲು ಮನಸ್ಸಾಗಲಿಲ್ಲ. ತಲೆಯಾಡಿಸುತ್ತ ಕೂತಳು.

ಗಿಡ್ಡಿ ನಿಲ್ಲಿಸಿ, ಉತ್ತರಕ್ಕೆ ಕಾದಳು.

“ಹಿಂದಿ ಕೊ ನಾಇಂತಿಂದಿಹಾನ್,” ಅಂದಳು ಗಂಟಲಕ್ಕ. ನನಗೆ ಅರ್ಥವಾಗಲಿಲ್ಲ ಎಂದು.

ಈ ಸಲ ಗಿಡ್ಡಿ ಗೋಡೆಯ ಕಡೆ ತಿರುಗಲಿಲ್ಲ. ಎಡಗೈ ಬೆರಳನ್ನು ಮೂಗಿಗಿಟ್ಟುಕೊಂಡಳು. “ಇಲೊಂಗ್.” ಮಾತು ಬರಿಸುವ ಡಾಕ್ಟರು ದಿನಾ ಅವಳಿಗೆ ಮಾಡಿಸುವ ಪಾಠ ಅದು. ಗಂಟಲಕ್ಕ ತನ್ನ ಮೂಗು ಮುಟ್ಟಿಕೊಂಡು ಹೇಳಿದಳು. ಗಿಡ್ಡಿ ತಲೆಯಲ್ಲಾಡಿಸಿ ಮತ್ತೆ ಹೇಳಿಸಿದಳು. ಇಷ್ಟು ದಿನ ಎಲ್ಲರ ಕೈಯಲ್ಲಿ ಮಗುವಾಗಿದ್ದವಳಿಗೆ ಬಡಿಯಲು ಒಬ್ಬಳು ವಿದ್ಯಾರ್ಥಿನಿ ಸಿಕ್ಕಿದ್ದಳು.

ಆಮೇಲಿನ ಭಾನುವಾರಗಳೆಲ್ಲ ಹಾಗೇ ಹೋದವು. ಕಿವಿ, ಚಮಚ, ಕಿಟಕಿ, ನೋವು. ಚಳಿ ಮುಗಿದು ಬಿಸಿಲು ಬರುವ ಹೊತ್ತಿಗೆ ಗಂಟಲಕ್ಕನಿಗೆ ಸಣ್ಣ ಸಣ್ಣ ಮಾತು ಹಿಡಿಯಲು ಬಂತು. ಆದರೂ ಅವಳಿಗೆ ಬೇಕಿದ್ದದ್ದು ಆ ಮೊದಲ ದಿನದ ಮಾತು. ಬಸ್ಸಿನಲ್ಲಿ ಕೂತಾಗ, ಬಟ್ಟೆ ಹರವುವಾಗ, ಅದರ ಏರಿಳಿತ ಮಾತ್ರ ಕಿವಿಯಲ್ಲಿ ಸುತ್ತುತ್ತಿತ್ತು. ನರ್ಸಮ್ಮನಿಗೆ ಹಾಡಿ ತೋರಿಸಿದಳು. ಪದವಿಲ್ಲದ ಏರಿಳಿತದಿಂದ ಯಾರು ತಾನೇ ಏನು ಹೇಳಿಯಾರು?

ಕೊನೆಗೆ ವಾರವಿಡೀ ಅಭ್ಯಾಸ ಮಾಡಿ ಗಿಡ್ಡಿಯನ್ನೇ ಕೇಳಿದಳು. ಆವತ್ತು, ನೀನು ಅತ್ತ ದಿನ, ಏನು ಹೇಳಿದೆ?

ಗಿಡ್ಡಿಗೆ ಪ್ರಶ್ನೆ ತಿಳಿಯಿತು. ಯೋಚಿಸಿದಳು. ನೆನಪಾಗಲಿಲ್ಲ. ಹೆಗಲು ಹಾರಿಸಿದಳು, ಹಾರಿದ್ದು ಒಂದೇ ಹೆಗಲು.